ಕೈ ಕೊಡೋ ಮುತ್ತವ್ವ

ಇಳಕಲ್ಲಿಗೆ ಬಂದು ಮುತ್ತವ್ವನ ಮನಿ ಎಲ್ಲಿ ಅಂತ ಕೇಳಿದ್ರ, ಯಾವ ಮುತ್ತವ್ವ ಅಂತಾರ. ಓಣಿಗೊಬ್ಬಾಕಿ ಮುತ್ತವ್ವ ಅದಾಳ ಇಲ್ಲಿ. 'ಕೈ ಮಾಡೋ ಮುತ್ತವ್ವ' ಅಂದ್ರ ವಯಸ್ಸಾದ ಗಂಡಸರು ತಮ್ಮ ಗಲ್ಲಾ ಸವರಿಕೊಂಡು ದಾರಿ ತೋರಸ್ತಾರ. 'ಕೈ ಕೊಡೋ ಮುತ್ತವ್ವ' ಅಂದ್ರ ಈಗಿನ ಹುಡುಗರು ನಕ್ಕೋತ ತೋರಸ್ತಾರ. ಎರಡೂ ಒಬ್ಬಾಕಿದಽ ಹೆಸರು.

ನಾ ಇಂದ್ರಾಬಾಯಿ. ಚಮನಸಾಬನ ಮುಚ್ಚಿದ ಪಾವರಲೂಮ್ ಶೆಡ್ಡಿನ ಬಾಜೂಕ ನನ್ನ ಚಾದಂಗಡಿ. ನಡಬರಕ ಒಂದು ತಗಡಿನ ಗ್ವಾಡಿ ಅಷ್ಟ. ಆ ಶೆಡ್ಡಿನಾಗ ಪ್ರತಿ ಐತವಾರ ಕ್ರಿಸ್ತರ ಪ್ರಾರ್ಥನಾ ನಡೀತೈತಿ. ನನ್ನ ಕೊಳ್ಳಾಗ ಲಿಂಗ ಐತಿ, ನಾ ಆ ಹೊಸ್ತಿಲಾ ದಾಟಿ ಒಳಗ ಕುಂತಾಕಿ ಅಲ್ಲ. ಅವರಿಗೆ ಚಾ ಕೊಡಾಕಿ ನಾನಽ. ಅದಕ್ಕ ಆ ಬಾಗಲದಾಗ ಏನೇನ ನಡೀತು ಅನ್ನೂದು ನನ್ನಷ್ಟು ಯಾರಿಗೂ ಗೊತ್ತಿಲ್ಲ. ಮುತ್ತವ್ವ ನನ್ನ ಗೆಳತಿ. ಆಕಿ ಸುದ್ದಿ ಯಾರರ ತಪ್ಪ ಹೇಳಿದ್ರ ನನಗ ಮೈ ಉರೀತೈತಿ.

ಆಕಿ ಕೆಲಸಾ ಎಳಿ ಹೊಸಿಯೂದು. ಮಗ್ಗದ ಮ್ಯಾಲ ಒಂದು ಹಾಸು, ಅಂದ್ರ ಉದ್ದನ್ನ ಎಳಿ, ಮುಗೀತಂದ್ರ ಹಳೇ ಎಳಿಗಳ ತುದಿಗೆ ಹೊಸಾ ಎಳಿ ಕೂಡಸಬೇಕು. ಬೆರಳಿಗೆ ಬೂದಿ ಹಚಗೊಂಡು ಹೆಬ್ಬಟ್ಟಿಲೆ ಒಂದೊಂದಽ ಎಳಿ ಹೊಸೀತಾರ. ಗಂಟು ಹಾಕಂಗಿಲ್ಲ, ಬರೇ ಹೊಸಿಯೂದು. ಆಮ್ಯಾಲ ಎಷ್ಟು ಜಗ್ಗಿದರೂ ಅದು ಬಿಚ್ಚಬಾರದು. ಮನಿಮನಿಗೆ ಹೋಗಿ ಹೊಸೀತಿದ್ಳು. ಇಡೀ ಊರಾಗ ಆಕಿ ಬೆರಳಿಗೆ ಸಮಾ ಇನ್ನೊಂದು ಬೆರಳು ಇರಲಿಲ್ಲ. ಆ ಬಲಗೈಯಽ ಆಕಿ ಹೊಲಾ, ಆಕಿ ಮನಿ, ಆಕಿ ಅನ್ನ.

ಗಂಡ ಅಮೀನಪ್ಪ ನೇಕಾರ. ಕುಡದ ಬಂದ್ನಂದ್ರ ಮಗ್ಗದ ಹಲಗೀಲೆ ಹೊಡೀತಿದ್ದ. ಓಣಿ ಮಂದಿ ಏನಂತಿದ್ರು ಗೊತ್ತೇನು? "ಗಂಡ ಹೆಂಡಿರ ಜಗಳ ಉಂಡ ಮಲಗೂತನಕ." ಸುಡ್ಲಿ ಇವರ ಗಾದಿಮಾತು! ಉಣ್ಣಾಕ ಬಾಯಾಗ ಹಲ್ಲು ಉಳೀಬೇಕಲ್ಲ? ಆಕಿದು ಎರಡು ಹಲ್ಲು ಅಂವ ಉದುರಿಸಿದ್ದ. ಬಸರಿದ್ದಾಗ ಒದ್ದ, ಕೂಸು ಹೋತು. ಆ ಬಾಣಂತನ ಮುಗದು ಆಕಿ ಎದ್ದು ಕುಂತಿದ್ದಳಷ್ಟ, ಅಂವ ಮತ್ತ ಹಲಗಿ ಎತ್ತಿದ. ಇಕಿ ಮೂಲ್ಯಾಗಿನ ಒನಕಿ ಎತ್ತಿದ್ಳು. ಅವನ ಹೆಗಲ ಎಲುಬು ಕಟಕ್ಕಂತ ಮುರದದ್ದು ಮೂರ ಮನಿಗೆ ಕೇಳಿಸ್ತು. ಅಂವ ಸೊಲ್ಲಾಪುರದ ಬಸ್ ಹತ್ತಿದಾಂವ ಇವತ್ತಿಗೂ ಈ ಕಡೆ ಮಾರಿ ಹಾಕಿಲ್ಲ. "ಗಂಡ ಏನಾದ?" ಅಂತ ಯಾರರ ಕೇಳಿದ್ರ "ಕೈ ಕೊಟ್ಟ" ಅಂತಿದ್ಳು. ಅಷ್ಟಽ.

ಅಲ್ಲಿಂದ ಸುರು ಆತು ನೋಡ್ರಿ ಆಕಿ ಕೈ. ಹುಡಿಗಿ ಹೆಗಲ ಮ್ಯಾಲ ಕೈ ಇಟ್ಟ ಮಗ್ಗದ ಮಾಲಕಗ ಬಿತ್ತು. ಹುನಗುಂದ ಬಸ್‌ಸ್ಟ್ಯಾಂಡಿನಾಗ ಮುದಕಿನ್ನ ದಬ್ಬಿದ ಪೋಕರಿಗೆ ಬಿತ್ತು, ಮೂಗಿನಾಗಿಂದ ರಕ್ತ ಸೋರಿ ಅಂಗಿ ತೊಯ್ತು. ಸುಮ್ನ ಹೇಳಬಾರದು, ತಪ್ಪ ಇಲ್ಲದವರಿಗೂ ಒಂದೀಟು ಬಿದ್ದಾವ. ಆಕಿದು ಮೊದಲ ಕೈ, ಆಮ್ಯಾಲ ಮಾತು.

ಎಮರ್ಜೆನ್ಸಿ ಮುಗದು ಮೂರ್ನಾಕ ವರ್ಷ ಆಗಿರಬೇಕು, ಜಯಶೀಲ ಅಂತ ಒಬ್ಬ ಪಾಸ್ಟರು ಬಂದು ಚಮನಸಾಬನ ಶೆಡ್ಡು ಬಾಡಿಗಿ ಹಿಡದ. ಸಣ್ಣ ವಯಸ್ಸಿನಾಂವ, ಕೋಲಾರದ ಆಚಿ ಆಂಧ್ರದ ಗಡಿಯಾಂವ. ಮನಿ ಮಾತು ತೆಲಗು, ಕನ್ನಡಾ ಪುಸ್ತಕದಾಗ ಕಲತಿದ್ದ. ಕೊಳ್ಳಾಗ ಗಿಟಾರ ಹಾಕ್ಕೊಂಡು ಹಾಡತಿದ್ದ ಅಂತ ಊರ ಮಂದಿ ಅವನಿಗೆ ಗಿಟಾರ ಅಯ್ಯ ಅಂತ ಹೆಸರಿಟ್ರು. ಬಾಗಲಕೋಟಿ ಕಡೆ ಹಳೇ ಕ್ರಿಸ್ತರ ಮನಿತನದವರು ಇಸ್ತ್ರಿ ಅರಿವಿ ಹಾಕ್ಕೊಂಡು ಸಾಲಾಗಿ ಬೆಂಚಿನ ಮ್ಯಾಲ ಕೂಡ್ತಾರಂತ. ಇವನದು ಹಂಗಲ್ಲ. ಗೋಪುರ ಇಲ್ಲ, ಗಂಟಿ ಇಲ್ಲ, ಬೆಂಚೂ ಇಲ್ಲ. ಚಾಪಿ ಹಾಸಿರ್ತಿದ್ರು, ಬಂದವರು ಬಂದಲ್ಲೆ ಕೂಡೂದು, ಅರಿವಿಗೆ ಬಣ್ಣ ಹತ್ತಿರಲಿ ಮಣ್ಣ ಹತ್ತಿರಲಿ. ಡೋಲಕ್ಕು, ಚಪ್ಪಾಳಿ, ಹಾಡು. ಆಮ್ಯಾಲ ನನ್ನ ಚಾ, ಮ್ಯಾಲ ಒಂದೀಟು ಗಿರಮಿಟ್ಟು.

ಮೊದಲನೇ ಐತವಾರ ಡೋಲಕ್ ಬಡದ ಸಪ್ಪಳಕ್ಕ ಹಿಂದಿನ ಮನ್ಯಾಗ ಕುಂತಿದ್ದ ಮುತ್ತವ್ವನ ಎಳಿ ಹರೀತು. "ಯಾಂವಲೇ ಅಂವ, ಹೆಣಾ ಒಯ್ಯೋರಂಗ ಬಾರಸಾಂವ!" ಅಂತ ಬೂದಿ ಕೈಲೇನಽ ಎದ್ದ ಬಂದ್ಳು. ಅಯ್ಯ ಬಾಗಲಿಗೆ ಬಂದು ನಕ್ಕೋತ ಕೈ ಚಾಚಿ, "ಬನ್ನಿ ಅಕ್ಕಾ, ಕೈ ಕೊಡಿ" ಅಂದ.

ಕೈ ಕುಲುಕೂಣು ಅಂತ ಅಂವನ ಅರ್ಥ. ಖರೆ ಗಂಡ ಕೈ ಕೊಟ್ಟು ಹೋದ ಹೆಂಗಸಿಗೆ ನಡು ಬಾಗಲದಾಗ ನಿಂತು ಕೈ ಕೊಡು ಅಂದ್ರ ಹೆಂಗಾಗಬೇಕ್ರಿ? ಫಟ್ಟಂತ ಬಿತ್ತು ಕಪಾಳಕ್ಕ. ಚಸ್ಮಾ ಹಾರಿ ನನ್ನ ಬಕೀಟಿನಾಗ ಬಿತ್ತು. ಗಲ್ಲದ ಮ್ಯಾಲ ಬೂದಿಲೆ ಐದೂ ಬೆರಳು ಬೆಳ್ಳಗ ಮೂಡಿದ್ದು. "ನಾ ಯಾರಿಗೂ ಕೈ ಕೊಟ್ಟಾಕಿ ಅಲ್ಲಲೇ! ನನಗ ಕೊಟ್ಟಾರ, ನಾ ಕೊಟ್ಟಿಲ್ಲ!"

ಅಂವ ಗಲ್ಲಾ ಹಿಡಕೊಳ್ಳಲಿಲ್ಲ, ಬೈಯಲಿಲ್ಲ, ಹಿಂದಽ ಸರೀಲಿಲ್ಲ. ಚಾಚಿದ ಕೈ ಹಂಗಽ ಚಾಚಿಕೊಂಡು ನಿಂತಿದ್ದ. ನಾನಽ ನಗು ತಡಕೊಂಡು ಬಂದು ಇಬ್ಬರಿಗೂ ಅರ್ಥ ಬಿಡಿಸಿ ಹೇಳಿದೆ. ಅಂವ ನಕ್ಕ. ಮುತ್ತವ್ವ ನಗಲಿಲ್ಲ. ಹೊಡದ್ರ ತಿರುಗಿ ಹೊಡೀತಾರ, ಇಲ್ಲಾ ಓಡಿ ಹೋಗ್ತಾರ. ಎರಡೂ ಮಾಡದ ಗಂಡಸನ್ನ ಆಕಿ ನೋಡಿರಲಿಲ್ಲ. ಹೋಗಿ ಹಿಂದಿನ ಚಾಪಿ ಮ್ಯಾಲ ಕುಂತ್ಳು. ಮುಂದಿನ ವಾರಾನೂ ಕುಂತ್ಳು.

ವರ್ಷ ತುಂಬೂದ್ರಾಗ ಒಂದ ದಿನ ಅಯ್ಯ ಎಲ್ಲಾರ ಮುಂದ ಹೇಳಿದ: "ಹೊಸದಾಗಿ ಬರುವವರು ಹೊರಗೇ ನಿಂತು ಹಿಂದಿರುಗಿ ಹೋಗುತ್ತಾರೆ. ಬಾಗಿಲಲ್ಲಿ ಅವರಿಗೆ ಕೈ ಕೊಡಲು ಒಬ್ಬರು ಬೇಕು. ಮುತ್ತವ್ವಕ್ಕ ಕೊಡಲಿ."

ಶೆಡ್ಡಿಗೆ ಶೆಡ್ಡಽ ನಕ್ಕೂ ನಕ್ಕು ಉಳ್ಳಾಡ್ತು. ಮುತ್ತವ್ವ ಎದ್ದು ನಿಂತ್ಳು. "ಅಯ್ಯನೋರ, ಹೊಸಬರಿಗೆ ಕೈ ಕೊಡಬಾರದ್ರಿ. ಕೈ ಹಿಡೀಬೇಕು."

"ಹಿಡಿದ ಮೇಲೆ?"

"ಬಿಡಬಾರದು."

"ಹಾಗಾದರೆ ಆ ಕೈಯಿಂದ ಇನ್ನು ಯಾರನ್ನೂ ಹೊಡೆಯುವಂತಿಲ್ಲ ಅಕ್ಕಾ. ಒಂದೇ ಕೈ ಎರಡೂ ಕೆಲಸ ಮಾಡಿದರೆ ಜನ ನಂಬುವುದಿಲ್ಲ."

"ಎಡಗೈಲೆ ಹೊಡೀಲೇನ್ರಿ?"

"ಅದರಿಂದಲೂ ಇಲ್ಲ."

"ಕಾಲಲೆ?"

ಮತ್ತ ನಗಿ. ಖರೆ ಆಕಿ ಚ್ಯಾಷ್ಟಿ ಮಾಡತಿರಲಿಲ್ಲ, ಎಷ್ಟು ಬಿಟ್ಟು ಕೊಡಬೇಕಾಗತೈತಿ ಅಂತ ಕೇಳಕೊಳ್ಳಾಕತ್ತಿದ್ಳು. ಕಡೀಕ ಎಲ್ಲಾರ ಮುಂದ ಆಣಿ ಮಾಡಿದ್ಳು: ಇನ್ನ ಯಾರ ಮ್ಯಾಲೂ ಕೈ ಮಾಡಾಂಗಿಲ್ಲ, ಕೈ ಹಿಡಿದ ಹೊಸಬರನ್ನ ಬಿಡಾಂಗಿಲ್ಲ. ನಾ ತಗಡಿನ ಈ ಕಡೆ ನಿಂತು ಕೇಳಿ ನಕ್ಕೆ. ಮುತ್ತವ್ವ ಕೈ ಮಾಡೂದು ಬಿಡೂದು, ಇಂದ್ರಾಬಾಯಿ ಬಾಯಿ ಮಾಡೂದು ಬಿಡೂದು, ಎರಡೂ ಆಗದ ಮಾತು ಅಂದ್ಕೊಂಡೆ.

ಬಾಗಲದಾಗ ನಿಂತ್ಳು ನೋಡ್ರಿ. ಯಾರರ ಹೊಸಬರು ಬಂದು ಚಪ್ಪಲಿ ಬಿಡಬೇಕೋ ಬ್ಯಾಡೋ ಅಂತ ಅತ್ತಿತ್ತ ನೋಡಿದ್ರ ಹೋಗಿ ಕೈ ಹಿಡದು, "ಬರ್ರಿ, ಎಲ್ಲಿ ಬೇಕಾದಲ್ಲಿ ಕುಂಡರ್ರಿ" ಅಂತಿದ್ಳು. ನಮ್ಮ ಕಡೆ ಮೊದಲನೇ ಮಾತು "ಯಾರ ಪೈಕಿ ನೀವು?" ಅಂತಽ. ಅದನ್ನ ಕೇಳಬಾರದು ಅಂತ ಆಕಿ ಹಲ್ಲು ಕಚ್ಚಿ ಕಲತ್ಳು. ಹಾಡು ಬರದಿದ್ರ ಸುಮ್ನ ಕುಂಡರ್ರಿ, ಚಪ್ಪಾಳಿ ಬ್ಯಾಡಂದ್ರ ಬಿಡ್ರಿ, ಚಾ ಕುಡದ ಹೋಗ್ರಿ. ಇಷ್ಟಽ ಆಕಿ ಉಪದೇಶ.

ಊರ ಬಾಯಿ ಸುಮ್ನ ಇರತೈತೇನು? ನನ್ನ ಅಂಗಡ್ಯಾಗ ಕುಂತು ರಾಚಯ್ಯ ಅನ್ನೋ ಮನಷ್ಯಾ, "ಮುತ್ತವ್ವ ಕಂಡಕಂಡವರ ಕೈ ಹಿಡ್ಯಾಕತ್ತಾಳಂತ, ಸೊಲ್ಲಾಪುರಕ್ಕ ಸುದ್ದಿ ಮುಟ್ಟಸಬೇಕು" ಅಂದ. ಆಕಿ ಹಿಂದಽ ನಿಂತಿದ್ಳು. ಕೈ ಎದ್ದೇ ಬಿಡ್ತು. ರಾಚಯ್ಯನ ಕಪ್ಪು ಕೈಯಾಗಿಂದ ಬಿದ್ದು ಧೋತರದಾಗ ಚಾ ಚೆಲ್ಲಿತು. ಆ ಕೈ ಅವನ ಕಿವಿ ಹಾದು ಹೋಗಿ ತಗಡಿಗೆ ಬಡೀತು. ಆ ತಗ್ಗು ಇನ್ನೂ ಐತಿ, ಬಂದ್ರ ತೋರಸ್ತೇನಿ. ಆವತ್ತ ನನಗ ಗೊತ್ತಾತು, ಇಕಿ ಆಣಿ ಖರೇನಽ ಮಾಡ್ಯಾಳ ಅಂತ.

ಅಂಥಾದ್ರಾಗ ಒಂದ ಐತವಾರ ಶಿವಲಿಂಗವ್ವ ಬಂದ್ಳು. ಸಣ್ಣ ಹುಡಿಗಿ. ಒಂದು ಕಣ್ಣು ಬಾತು ಮುಚ್ಚಿತ್ತು, ತುಟಿ ಸೀಳಿತ್ತು, ಸೆರಗು ಹಣೀತನಕ ಎಳಕೊಂಡಿದ್ಳು. ಅಲ್ಲಿ ಯಾರೂ ಏನೂ ಕೇಳಾಂಗಿಲ್ಲ, ಕುಂಡರಾಕ ಬಿಡ್ತಾರ ಅಂತ ಯಾರೋ ಹೇಳಿದ್ರಂತ. ಮುತ್ತವ್ವ ಎಂದಿನಂಗ ಮುಂದ ಹೋಗಿ ಕೈ ಚಾಚಿದ್ಳು. ಆ ಹುಡಿಗಿ ಎರಡೂ ಮೊಣಕೈ ಎತ್ತಿ ಮಾರಿ ಮುಚಗೊಂಡು, ಚೌಕಟ್ಟಿಗೆ ಬೆನ್ನ ಹಚ್ಚಿ ಜಾರಿ ನೆಲಕ್ಕ ಕುಂತು ಬಿಟ್ಳು. "ಹೊಡಿಬ್ಯಾಡ್ರಿ, ಹೊಡಿಬ್ಯಾಡ್ರಿ" ಅಂತ ಸಣ್ಣ ದನೀಲೆ.

ಡೋಲಕ್ ನಿಂತು ಹೋತು. ಮುತ್ತವ್ವ ತನ್ನ ಕೈ ತಾನಽ ನೋಡಕೊಂಡ್ಳು. ಆಮ್ಯಾಲ ಆ ಹುಡಿಗಿ ಮುಂದ ಕುಕ್ಕರಗಾಲಿಲೆ ಕುಂತು, ಅಂಗೈ ಮ್ಯಾಲ ಮಾಡಿ, ನೆಲದ ಮಟ್ಟದಿಂದ ಕೈ ಮುಂದ ಇಟ್ಳು. ಹುಡಿಗಿ ಮೊಣಕೈ ಸಂದಿಲೆ ನೋಡಿ ನೋಡಿ, ಕಡೀಕ ಒಂದು ಬೆರಳು ಆ ಅಂಗೈಯಾಗ ಇಟ್ಳು. "ಇಂದ್ರಾ," ಅಂದ್ಳು ಮುತ್ತವ್ವ ಸಂಜೀಕ ನನ್ನ ಮುಂದ, "ಹೊಡಸ್ಕೊಂಡವರಿಗೆ ಮ್ಯಾಲಿಂದ ಬರೂ ಕೈಯೆಲ್ಲಾ ಪೆಟ್ಟಽ ಕಾಣತೈತಿ. ನಾನೂ ಹಂಗಽ ಇದ್ದೆ, ಮರತಿದ್ದೆ." ಅವತ್ತಿಂದ ಆಕಿ ಯಾರಿಗೇ ಆಗಲಿ ಕೈ ಕೊಟ್ರ ಕೆಳಗಿಂದ, ಅಂಗೈ ಮ್ಯಾಲ ಮಾಡಿ.

ಶಿವಲಿಂಗವ್ವನ ಗಂಡ ಕಾಶಪ್ಪ, ಕೆಂಪಕಲ್ಲಿನ ಕ್ವಾರ್ಯಾಗ ಮೇಸ್ತ್ರಿ. ಕಲ್ಲು ಒಡದು ಒಡದು ಅವನಿಗೆ ಎದುರಿಗಿದ್ದದ್ದೆಲ್ಲಾ ಕಲ್ಲಽ. ಸುತ್ತಿಗಿ ಹಿಡಿಕೀಲೆ ಹೊಡೀತಿದ್ದ, ಬೀಡಿಲೆ ಸುಡ್ತಿದ್ದ. ಬಾದಾಮಿ ಹತ್ರದ ಹಳ್ಳಿಯೊಳಗ ಆಕಿ ತವರಮನಿ. ಎರಡ ಸರ್ತಿ ಓಡಿ ಹೋದ್ರೂ ಅವರಪ್ಪ "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಅಂತ ತಿರುಗಿ ತಂದು ಬಿಟ್ಟಿದ್ದ. ಥೂ, ಎಂಥಾ ಅಪ್ಪ ಅಂವ! ಈ ಸರ್ತಿ ಕಾಶಪ್ಪ ಆಕಿ ಕೊಳ್ಳಿಗೆ ಹಗ್ಗಾ ಹಾಕಿ ತೊಲಿಗೆ ಎಳದಿದ್ದ. ಹಗ್ಗ ಹರದದ್ದಕ್ಕ ಬದುಕಿ ಬಂದಿದ್ಳು. ಕೊಳ್ಳಾಗ ಅದರ ಗುರ್ತ ನಾನಽ ನೋಡೇನಿ. ಮತ್ತ ಅಂವನ ಕೈಗೆ ಸಿಕ್ಕರ ಆ ಮನ್ಯಾಗಿಂದ ಹೆಣಾನಽ ಹೊರಗ ಬರಬೇಕು, ಅದು ಎಲ್ಲಾರಿಗೂ ಗೊತ್ತಿತ್ತು.

ಮುತ್ತವ್ವ ತನ್ನ ಮನ್ಯಾಗ ಇಟಗೊಂಡ್ಳು. "ಅಂಜಬ್ಯಾಡ ತಂಗಿ, ನಾ ನಿನಗ ಕೈ ಕೊಟ್ಟೇನಿ" ಅಂದ್ಳು. ಹುಡಿಗಿ ಗಾಬರಿ ಆಗಿ, "ಯಕ್ಕಾ, ನೀವೂ ಕೈ ಕೊಡಬ್ಯಾಡ್ರಿ" ಅಂತ ಅತ್ತಳು. ಅದರ ಅರ್ಥಾನೂ ನಾನಽ ಬಿಡಿಸಿ ಹೇಳಬೇಕಾತು.

ಕಾಶಪ್ಪ ಹುಡಿಕ್ಕೊಂಡು ಬಂದದ್ದೂ ಒಂದ ಐತವಾರಽ. ಒಳಗ ಹಾಡು ನಡದಿತ್ತು, ನನ್ನ ಒಲಿ ಮ್ಯಾಲ ಪಾತೇಲಿ ತುಂಬ ಚಾ ಕುದೀತಿತ್ತು. ಅವನ ಸಂಗಾಟ ಇಬ್ಬರು ತಮ್ಮಂದಿರು, ಅವರ ಕೈಯಾಗ ಕಬ್ಬಿಣದ ಹಾರಿ, ಇವನ ಕೈಯಾಗ ಸುತ್ತಿಗಿ. ಬಾಗಲದಾಗ ಮುತ್ತವ್ವ ಒಬ್ಬಾಕೀನಽ.

"ನನ್ನ ಹೇಣ್ತಿ ಒಳಗ ಅದಾಳ. ಸರಿ."

ಮುತ್ತವ್ವ ಬಾಗಿ, ಅಂಗೈ ಮ್ಯಾಲ ಮಾಡಿ ಕೆಳಗಿಂದ ಕೈ ಚಾಚಿದ್ಳು. "ಬಾ ತಮ್ಮಾ. ಹೊಸಬಽ ಇದ್ದಿ. ಸುತ್ತಿಗಿ ಹೊರಗಿಟ್ಟು ಒಳಗ ಕುಂಡರು, ಚಾ ಬರತೈತಿ."

ಅಂವ ನಕ್ಕ. ಎಡಗೈ ಮುಂದ ಮಾಡಿ ಆಕಿ ಕೈ ಹಿಡದು, ಹೊರಗ ಒಗಿಯೂಣು ಅಂತ ಒಮ್ಮೆ ಜಗ್ಗಿದ. ಆಕಿ ಚೌಕಟ್ಟಿಗೆ ಕಾಲ ಕೊಟ್ಟು ನಿಂತ್ಳು, ಕೈ ಬಿಡಲಿಲ್ಲ. ಎಳಿಗೆ ಎಳಿ ಹೊಸದಂಗ ಹಿಡದಿದ್ಳು. ಅಂವ ಜಗ್ಗಿದ, ತಿರುವಿದ, ಹೊಟ್ಟಿಗೆ ಒದ್ದ. ಆಮ್ಯಾಲ ಸುತ್ತಿಗಿ ಎತ್ತಿದ.

ಆ ಸಪ್ಪಳಾ ನಾ ಕೇಳೇನ್ರಿ. ಹಸೀ ಕಬ್ಬು ಮುರದಂಗ. ಮೊದಲನೇದು ಮಣಿಕಟ್ಟಿಗೆ, ಎರಡನೇದು ಹೆಬ್ಬಟ್ಟಿಗೆ. ರಕ್ತ ಅವನ ಅಂಗಿ ಮ್ಯಾಲ ಸಿಡೀತು. ಗಿಟಾರ ಅಯ್ಯ ಅಡ್ಡ ಬಂದ. ಒಬ್ಬ ತಮ್ಮ ಅವನ ಮೂಗಿಗೆ ಹಾರಿಲೆ ಬಡದ, ಅಂವ ಗಿಟಾರದ ಮ್ಯಾಲಽ ಬಿದ್ದ. ಇನ್ನೊಬ್ಬ ಮುತ್ತವ್ವನ ಕೂದಲಾ ಹಿಡದು ಎಳ್ಯಾಕತ್ತ. ನಾ ಎದಿ ಬಡಕೊಂಡು ಒದರಿದೆ: "ಹೊಡಿ ಮುತ್ತವ್ವಾ, ಎಡಗೈ ಖಾಲಿ ಐತಿ, ಹೊಡಿ ಆ ಹಲ್ಕಟ್ಟಗ!"

ಎಡಗೈ ಎದ್ದಿತು. ನಾ ಕಣ್ಣಾರೆ ನೋಡಿದೆ, ಮುಷ್ಟಿ ಆಗಿ ಎದ್ದಿತು. ಆಮ್ಯಾಲ ಕೆಳಗ ಇಳದು ಅದೂ ಕಾಶಪ್ಪನ ಕೈಯಽ ಹಿಡೀತು.

ಒಳಗಿಂದ ಶಿವಲಿಂಗವ್ವ ಚೀರಿಕೋತ ಬಂದ್ಳು. "ಬಿಡ್ರಿ! ಯಕ್ಕನ ಕೈ ಬಿಡ್ರಿ! ನಾ ಬರ್ತೇನಿ, ಎಲ್ಲಿ ಬೇಕಾದ್ರೂ ಬರ್ತೇನಿ!"

"ಅಂವ ಹಿಡದಿಲ್ಲವ ತಂಗಿ," ಅಂದ್ಳು ಮುತ್ತವ್ವ, ಬಾಯಾಗಿಂದ ರಕ್ತ ಸೋರತಿತ್ತು, "ನಾ ಹಿಡದೇನಿ. ನೀ ಒಳಗ ಹೋಗು."

ನಾ ಯಾವ ಆಣಿನೂ ಮಾಡಿದಾಕಿ ಅಲ್ಲ. ಪಾತೇಲಿ ಎತ್ತಿ ಕುದಿಯೂ ಚಾ ಹಂಗಽ ಕಾಶಪ್ಪನ ಬೆನ್ನಿಗೆ ಸುರವಿದೆ. ಅಂವ ಒದರಿದ ಒದರಾಟಕ್ಕ ಆಗ ಎಚ್ಚರಾತು ಊರು! ಅಲ್ಲೀತನಕ ಕಿಡಕಿ ಸಂದಿಲೆ ನೋಡಾಕತ್ತಿದ್ರು ಭಾಡ್ಯಾಗೋಳು. ಚಮನಸಾಬ ಮಗ್ಗದ ಕೋಲು ತಗೊಂಡು ಬಂದ, ತಮ್ಮಂದಿರು ಓಡಿದ್ರು. ಕಾಶಪ್ಪಗ ಓಡಾಕ ಬರಲಿಲ್ಲ, ಮುತ್ತವ್ವ ಇನ್ನೂ ಹಿಡದಿದ್ಳು. ಪೊಲೀಸರು ಬಂದ ಮ್ಯಾಲ ನಾನಽ ಆಕಿ ಮುರದ ಬೆರಳು ಒಂದೊಂದಽ ಬಿಡಿಸಿದೆ.

ಬಾಗಲಕೋಟಿ ದವಾಖಾನ್ಯಾಗ ಪಟ್ಟಿ ಹಾಕಿದ್ರು. ಪಟ್ಟಿ ಬಿಚ್ಚಿದಾಗ ಕೈ ಸೊಟ್ಟ ಕೂಡಿತ್ತು. ಹೆಬ್ಬಟ್ಟಿನಾಗ ಶಕ್ತಿ ಇಲ್ಲ, ಬೆರಳು ಮುಷ್ಟಿಯಂಗ ಮಡಚಿದಾವ, ಮಣಿಕಟ್ಟು ಹೊಳ್ಳಂಗಿಲ್ಲ, ಯಾ ಕಡೆನೂ ತಿರುಗಂಗಿಲ್ಲ. ಅಂಗೈ ಮ್ಯಾಲ ಮಾಡು ಅಂದ್ರ ಆಗಾಂಗಿಲ್ಲ. ಎಳಿ ಹೊಸಿಯೂದು ಅಲ್ಲಿಗೆ ಮುಗೀತು. ಶಿವಲಿಂಗವ್ವ ಬೂದಿ ಹಚಗೊಂಡು ಕಲ್ಯಾಕ ಕುಂತ್ಳು. ಮುತ್ತವ್ವ ಬಾಜೂಕ ಕುಂತು ಬಾಯಿಲೆ ಹೇಳಿ ಕೊಡಾಕಿ. ಬಾಗಲದಾಗೂ ಹಂಗಽ. ಎಡಗೈ ಕೊಟ್ರ ನಮ್ಮ ಮಂದಿ ಸಿಟ್ಟಾಗ್ತಾರಲ್ಲ, ಅದಕ್ಕ ಮುತ್ತವ್ವ "ಬರ್ರಿ" ಅನ್ನಾಕಿ, ಶಿವಲಿಂಗವ್ವ ಕೈ ಕೊಡಾಕಿ.

ಕೇಸು ಹುನಗುಂದ ಕೋರ್ಟಿಗೆ ಬಂತು. ಜಾಮೀನಿನ ಮ್ಯಾಲ ಹೊರಗಿದ್ದ ಕಾಶಪ್ಪ ಕ್ವಾರ್ಯಾಗ ಎಲ್ಲಾರ ಮುಂದ ಹೇಳಿಕೋತ ತಿರಗಾಡತಿದ್ದ: "ಕೇಸ ಬಿದ್ದು ಹೋಗ್ಲಿ, ಕೋರ್ಟಿನ ಮುಂದಿಂದಽ ಹೇಣ್ತಿನ್ನ ಎಳಕೊಂಡ ಹೋಗ್ತೇನಿ." ಕಿಡಕಿ ಸಂದಿಲೆ ನೋಡಿದವರು ಸಾಕ್ಷಿಗೆ ಬರಲಿಲ್ಲ, ಚಾ ಸುರವಿದ ನನ್ನ ಮಾತು ನಡೀಲಿಲ್ಲ, ಹಂಗಾಗಿ ಎಲ್ಲಾ ಮುತ್ತವ್ವನ ಮಾತಿನ ಮ್ಯಾಲಽ ನಿಂತಿತ್ತು.

ಅವನ ವಕೀಲ ಎದ್ದು ನಿಂತ. ನುಣ್ಣನ ಮಾತಿನ ಮನಷ್ಯಾ. "ಮುತ್ತವ್ವ, ಸತ್ಯ ಹೇಳ್ತೀನಿ ಅಂತ ಪ್ರಮಾಣ ಮಾಡಿದೀರಿ. ಆ ದಿನ ಮೊದಲು ಕೈ ಮುಂದ ಮಾಡಿದವರು ಯಾರು?"

"ನಾನಽರಿ."

"ಅಂದ್ರ ನೀವಽ ಮೊದಲ ಕೈ ಮಾಡಿದ್ರಿ?"

"ಹೌದ್ರಿ, ಮಾಡಿದೆ. ಹೊಸಬರು ಬಂದ್ರ ನಾನಽ ಮೊದಲ ಮಾಡಾಕಿ."

ಅಯ್ಯಯ್ಯ ಶಿವನ! "ಹೆಂಗ ಮಾಡಿದ್ರಿ, ತೋರಸ್ರಿ" ಅಂದ ಆ ಕಳ್ಳ. ಇಕಿ ಕೆಳಗಿಂದ ಅಂಗೈ ಮ್ಯಾಲ ಮಾಡಾಕ ಹೋದ್ಳು. ಮಣಿಕಟ್ಟು ಹೊಳ್ಳಲಿಲ್ಲ. ಸೊಟ್ಟ ಕೈ ಗುದ್ದು ಹಾಕಾಕ ಬಂದಂಗ ಮುಷ್ಟಿಗತೆ ಮ್ಯಾಲಕ ಎದ್ದಿತು. ಕೋರ್ಟಿಗೆ ಕೋರ್ಟಽ ನೋಡ್ತು. "ಆಮ್ಯಾಲ?" "ಗಟ್ಟ್ಯಾಗಿ ಹಿಡಕೊಂಡೆ. ಬಿಡಲಿಲ್ಲ." ಆಮ್ಯಾಲ ರಾಚಯ್ಯ ಬಂದು ಇಕಿ ಊರ ಗಂಡಸರಿಗೆಲ್ಲಾ ಹೊಡದ ಕತಿ ಹೇಳಿದ, ಅದೂ ಸುಳ್ಳಲ್ಲ. ನಾ ಹಿಂದಿಂದ "ಆ ಕೈ ಮಾಡೂದಲ್ರಿ ಸಾಹೇಬ್ರ, ಇದು ಬ್ಯಾರೆ ಕೈ ಮಾಡೂದು!" ಅಂತ ಒದರಿದೆ. ಪೊಲೀಸ ನನ್ನ ರಟ್ಟಿ ಹಿಡದು ಹೊರಗ ಹಾಕಿದ. ಸಾಹೇಬರರ ಏನ ಮಾಡ್ಯಾರು, ಬಾಯಿಲೆ ಹೇಳಿದ್ದನ್ನ ಬರಕೊಬೇಕು. ಮೊದಲ ಕೈ ಮಾಡಿದಾಕಿ ಮುತ್ತವ್ವ, ಬಿಡಿಸಿಕೊಳ್ಳಾಕ ಅಂವ ಹೊಡದ ಅಂತಾಗಿ ತೀರ್ಪಿನ ದಿನ ಕಾಶಪ್ಪ ಖುಲಾಸ ಆದ.

ಹೊರಗ ಬೇವಿನ ಗಿಡದ ಬುಡಕ ನಾವು ನಿಂತಿದ್ವಿ. ಅಂವ ಕೋರ್ಟಿನ ಪಾವಟಿಗಿ ಇಳದು ನೆಟ್ಟಗ ಬಂದ. "ನಡಿ" ಅಂದ ಶಿವಲಿಂಗವ್ವಗ. ಆಕಿ ಮೊಣಕೈ ಆಗಲೇ ಮಾರೀಗೆ ಏರಿತ್ತು. ವಕೀಲ, ಪೊಲೀಸ, ಶೇಂಗಾ ಮಾರಾಕಿ, ಎಲ್ಲಾರೂ ನೋಡಾಕತ್ತಿದ್ರು, ಒಬ್ಬರೂ ಮುಂದ ಬರಲಿಲ್ಲ. ಮುತ್ತವ್ವ ನಡುವ ಬಂದ್ಳು. "ತಮ್ಮಾ," ಅಂತ ಕೈ ಚಾಚಿದ್ಳು.

ಆ ಸೊಟ್ಟ ಕೈ ಹೊಳ್ಳಲಿಲ್ಲ, ಬಾಗಲಿಲ್ಲ. ಮಡಚಿದ ಬೆರಳಿನ ಸಂಗಾಟ ನೆಟ್ಟಗ ಅವನ ಮಾರಿ ಕಡೆ ಎದ್ದಿತು. ಕಾಶಪ್ಪ ಎರಡೂ ಮೊಣಕೈ ಎತ್ತಿ ಮಾರಿ ಮುಚಗೊಂಡು, ಕುಗ್ಗಿ, ಮೊಣಕಾಲ ಊರಿ ಕುಂತು ಬಿಟ್ಟ.

ಯಾರೂ ಮುಟ್ಟಿರಲಿಲ್ಲ ಅವನ್ನ. ಶೆಡ್ಡಿನ ಬಾಗಲದಾಗ ಆ ಹುಡಿಗಿ ಕುಂತಿದ್ಳಲ್ಲ, ಥೇಟ್ ಹಂಗಽ. ಆಮ್ಯಾಲ ಶೇಂಗಾ ಮಾರಾಕಿ ನಕ್ಕಳು, ಪೊಲೀಸ ನಕ್ಕ, ಎಲ್ಲಾರಕಿಂತಾ ಜೋರ ನಾ ನಕ್ಕೆ. ಕಾಶಪ್ಪನ ಊರ ಮುದುಕ ಒಬ್ಬಾಂವ ಬೀಡಿ ತಗದು, "ಇವನಪ್ಪ ಬಾರಕೋಲಲೆ ಬಡೀತಿದ್ದ, ಎತ್ತಿಗೂ ಇವಗೂ ಒಂದಽ ಬಾರಕೋಲು" ಅಂದ.

ಶಿವಲಿಂಗವ್ವ ತನ್ನ ಮೊಣಕೈ ಕೆಳಗ ಇಳಿಸಿದ್ಳು. ಅವನನ್ನ ಹಂಗಽ ನೋಡಿದ್ಳು, ಎಂದೂ ನೋಡದವರಂಗ. "ನಾ ಬರಂಗಿಲ್ಲ" ಅಂದ್ಳು. ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡದ್ಳು. ಅಂವ ಏಳಲಿಲ್ಲ, ಆಕಿ ಹಿಂದ ಬರಲೂ ಇಲ್ಲ. ಅಲ್ಲಿಂದ ಇಲ್ಲೀತನಕ ನಮ್ಮ ಓಣಿಗೆ ಅಂವ ಕಾಲಿಟ್ಟಿಲ್ಲ.

ಇಳಕಲ್ ಬಸ್ಸಿನಾಗ ನನಗ ಹಬ್ಬ ಆಗಿತ್ತು. ನಕ್ಕು ನಕ್ಕು ಹೊಟ್ಟಿ ಹಿಡಕೊಂಡಿದ್ದೆ. ತಿರುಗಿ ನೋಡಿದ್ರ ಮುತ್ತವ್ವ ಅಳಾಕತ್ತಾಳ. ಸುತ್ತಿಗಿ ಬಿದ್ದಾಗೂ ಅಳಲಾರದಾಕಿ!

"ಯಾಕವಾ, ಏನಾತು ನಿನಗ?"

"ಅಂವಗ ನಾ ಕೈ ಕೊಟ್ಟೆ ಇಂದ್ರಾ."

"ಹೌದಲ್ಲ, ಕೊಟ್ಟಿ. ಅಂವ ತಗೊಳ್ಳಲಿಲ್ಲ. ಮುಗೀತು."

"ಅಯ್ಯನೋರ ಕೈ ಕೊಡೂದಲ್ಲ. ನಮ್ಮ ಕೈ ಕೊಡೂದು." ಸೆರಗಿಲೆ ಕಣ್ಣ ಒರಸಿಕೊಂಡ್ಳು. "ಬಾಗಲಿಗೆ ಬಂದಿದ್ದ, ಹೊಸಬಽ ಇದ್ದ. ಮಾರಿ ಮುಚಗೊಂಡು ಕುಂತಾಗ ನಾ ಅವನ ಮುಂದ ಕುಕ್ಕರಗಾಲಿಲೆ ಕುಂಡರಬೇಕಾಗಿತ್ತು. ಎಲ್ಲಾರಿಗೂ ಹಂಗಽ ಮಾಡೇನಿ. ಅವನೊಬ್ಬನ್ನ ಮಂದಿ ನಗಿಯೊಳಗ ಬಿಟ್ಟು ಬಸ್ ಹತ್ತಿ ಬಂದೆ."

ನನಗ ಎಲ್ಲಿತ್ತೋ ಸಿಟ್ಟು! "ನಿನಗ ಹುಚ್ಚ ಹಿಡದೈತೇನು? ನಿನ್ನ ಅನ್ನಾ ಕಸಗೊಂಡಾಂವ ಅಂವ! ಈ ಕೂಸಿನ್ನ ತೊಲಿಗೆ ಎಳದಾಂವ! ಅಂಥಾವನ ಮುಂದ ಕುಕ್ಕರಗಾಲಿಲೆ ಕುಂಡರತಾಳಂತ ಖೋಡಿ!" ಬಸ್ಸಿನ ಮಂದಿ ಎಲ್ಲಾ ಹೊಳ್ಳಿ ನೋಡಿದ್ರು. ನಾ ಬೈದದ್ದು ಬೈದದ್ದಽ.

ಆಕಿ ತೊಡಿ ಮ್ಯಾಲ ಆ ಸೊಟ್ಟ ಕೈ ಇಟಗೊಂಡು, ಎಡಗೈಲೆ ಅದನ್ನ ಹೊಳ್ಳಿಸಿ ಅಂಗೈ ಮ್ಯಾಲ ಮಾಡಾಕ ನೋಡತಿದ್ಳು. ಅದು ಹೊಳ್ಳಲಿಲ್ಲ. ಬಾಜೂಕ ಕುಂತಿದ್ದ ಶಿವಲಿಂಗವ್ವ ತನ್ನ ಅಂಗೈ ಮ್ಯಾಲ ಮಾಡಿ ಅದರ ಕೆಳಗ ಇಟ್ಳು. ನಾ ಬೈಯೂದು ನಿಲ್ಲಿಸಿದೆ. ಇಳಕಲ್ ಬರೂತನಕ ಅವರಿಬ್ಬರ ಕೈ ಹಂಗಽ ಇದ್ದುವು.